ಪಂಚೆಯ ಮೇಲಿನ ವನಕನ್ಯೆ

ಕುಪ್ಪಗಡ್ಡೆಯ ಓದುಗರೊಬ್ಬರು, ತಮ್ಮ ಅಡಕೆ ತೋಟದ ಮೇಲ್ಬದಿಗೆ ಕಾನಿನಂಚಿನಲ್ಲಿ ಸತ್ತುಬಿದ್ದ ಮುಸಿಯವೊಂದನ್ನು ಕಂಡ ದಿನವೇ ಕುಳಿತು ಬರೆದಂತೆ ತೋರುವ ಪತ್ರದಲ್ಲಿ, ನನಗೆ ಎರಡು ಪ್ರಶ್ನೆಗಳನ್ನು ಹಾಕಿದ್ದಾರೆ. ಅಮೆರಿಕದ ಫಿಲಡೆಲ್ಫಿಯ ನಗರವನ್ನು 1793ರಲ್ಲಿ ಹಾಳುಗೆಡವಿದ ಹಳದಿ ಜ್ವರದ ವೃತ್ತಾಂತವನ್ನು ಮಗಳ ಕಾಲೇಜು ಪುಸ್ತಕದಲ್ಲಿ ಓದಿದೆ, ಅದಕ್ಕೂ ನಮ್ಮ ಮಂಗನ ಕಾಯಿಲೆಗೂ ನಂಟೇನಾದರೂ ಉಂಟೆ ಎಂಬುದು ಒಂದು. ಸುತ್ತಲಿನ ಮಂಗಗಳನ್ನೆಲ್ಲ ಹಿಡಿದು ಬೇರೆಡೆಗೆ ಸಾಗಿಸಿಬಿಟ್ಟರೆ ಕಾಯಿಲೆ ತೊಲಗುವುದಲ್ಲವೆ ಎಂಬುದು ಇನ್ನೊಂದು. ಮೊದಲನೆಯದನ್ನು ಓದಿ ನನಗಾದ ಆನಂದ ಅಷ್ಟಿಷ್ಟಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು 1957ರಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ನಮ್ಮ ಕಾಡಿನಲ್ಲಿ ನಿಂತು ತಮಗೆ ತಾವೇ ಕೇಳಿಕೊಂಡಿದ್ದರು.

ಆ ವರ್ಷದ ಬೇಸಗೆಯ ಮೊದಲಿನಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮುಸಿಯಗಳೂ ಕೋಡಗಗಳೂ ಕಾರಣ ತಿಳಿಯದೆ ಸಾಯತೊಡಗಿ, ಅದೇ ಹೊತ್ತಿಗೆ ಸೌದೆಗೂ ಸೊಪ್ಪಿಗೂ ಕಾಡು ಹೊಕ್ಕ ಜನ ಜ್ವರ ಹಿಡಿದು ಮಲಗಲು, ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ್ದ ಆ ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಪಿಡೋ ಅವರಿಗೆ, ಸತ್ತ ಮಂಗ ಮತ್ತು ಜ್ವರದ ಮನುಷ್ಯ ಎಂಬ ಜೋಡಿಯನ್ನು ಕೇಳಿದೊಡನೆ ಹೊಳೆದ ಹೆಸರು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಮನುಷ್ಯನಿಗಿಂತ ಮುಂಚೆ ಊಳಿಡುವ ಮಂಗಗಳನ್ನು ಕೊಲ್ಲುತ್ತದೆ. ಬೆಳಗಿನ ಜಾವ ಕಾಡಿನಿಂದ ಆ ಊಳು ಕೇಳಿಸದಿದ್ದರೆ ಅಲ್ಲಿನ ಹಳ್ಳಿಗರು ಎದೆಗೆಡುತ್ತಾರೆ. ಭಾರತದಲ್ಲಾದರೋ ಆ ಜ್ವರ ಎಂದೂ ಕಾಲಿಟ್ಟಿರಲಿಲ್ಲ, ಇಂದಿಗೂ ಇಟ್ಟಿಲ್ಲ. ಆದರೆ ಅದನ್ನು ಹೊರಬಲ್ಲ ಸೊಳ್ಳೆ, ಇಂದು ಡೆಂಗಿಯನ್ನು ಹೊತ್ತು ತಿರುಗುವ ಅದೇ ಈಡಿಸ್, ನಮ್ಮ ಮನೆಮನೆಯ ತೊಟ್ಟಿಯಲ್ಲಿಯೂ ಉಂಟು. ವೈರಸ್ಸೊಂದು ಬಂದಿಳಿದಿದ್ದರೆ ಆಗಬಹುದಾಗಿದ್ದ ಅನರ್ಥವನ್ನು ನೆನೆದು ಆ ವಿಜ್ಞಾನಿಗಳು ನಿದ್ದೆಗೆಟ್ಟಿದ್ದರೆ ಆಶ್ಚರ್ಯವಿಲ್ಲ.

ಪ್ರಯೋಗಶಾಲೆಯಲ್ಲಿ ಕಂಡುಬಂದದ್ದು ಹಳದಿ ಜ್ವರವಲ್ಲ. ಹಿಮದ ನಾಡಾದ ರಷ್ಯದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರವೊಂದರ ಬಳಗಕ್ಕೆ ಸೇರಿದ, ಅದುವರೆಗೆ ಜಗತ್ತೇ ಅರಿಯದಿದ್ದ ಹೊಸ ವೈರಸ್. ಅದಕ್ಕೆ ಕ್ಯಾಸನೂರಿನ ಹೆಸರನ್ನೇ ಇಟ್ಟರು; ನಮ್ಮ ಮಂಗನ ಕಾಯಿಲೆಯನ್ನು ತರುವುದು ಅದೇ. ಆದರೂ ಶಂಕೆ ಪೂರ್ತಿ ಹುಸಿಯಾಗಲಿಲ್ಲವೆಂಬುದೇ ಇದರ ಸ್ವಾರಸ್ಯ. ಈ ಎರಡು ವೈರಸ್ಸುಗಳೂ ಒಂದೇ ವಂಶದವು; ಆ ವಂಶಕ್ಕೆ ‘ಫ್ಲೇವಿ’ ಎಂಬ ಹೆಸರು ಬಂದದ್ದೂ ಲ್ಯಾಟಿನ್ನಿನಲ್ಲಿ ಹಳದಿಯನ್ನು ಸೂಚಿಸುವ ‘ಫ್ಲೇವಸ್’ ಶಬ್ದದಿಂದ, ಅರ್ಥಾತ್ ಹಳದಿ ಜ್ವರದಿಂದಲೇ. ನಮ್ಮ ಕಾನಿನ ಕಾಯಿಲೆ ಫಿಲಡೆಲ್ಫಿಯದ ಮಾರಿಗೆ ದಾಯಾದಿ.

ಇನ್ನು ಆ ನಗರದ ಮಾತು. ಆಗ ಅದು ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿ. ಸುಮಾರು 50,000 ಜನಸಂಖ್ಯೆ. ಸೇಂ-ದೊಮಾಂಗ್ ದ್ವೀಪದ ದಂಗೆಯಿಂದ ತಪ್ಪಿಸಿಕೊಂಡವರನ್ನು ಹೊತ್ತ ಹಡಗುಗಳು ಬಂದಿದ್ದ 1793ರ ಬೇಸಗೆಯಲ್ಲಿ, ಆಗಸ್ಟ್ ತಿಂಗಳು ಹಡಗುಕಟ್ಟೆಯ ಬಳಿ ಹೊತ್ತಿಕೊಂಡ ಜ್ವರ ನವೆಂಬರಿನೊಳಗೆ 5,000ದಷ್ಟು ಜನರನ್ನು ನುಂಗಿತು. ಅಧ್ಯಕ್ಷ ವಾಷಿಂಗ್ಟನ್ನರೇ ಊರು ಬಿಟ್ಟರು. ಉಳಿದವರು ಸ್ನೇಹಿತರ ಕೈ ಕುಲುಕುವುದನ್ನು ಬಿಟ್ಟು, ಮನೆಗಳ ಗಾಳಿ ಸೋಕೀತೆಂದು ಬೀದಿಯ ನಟ್ಟನಡುವೆ ನಡೆದು, ವಿನೆಗರಿನಲ್ಲಿ ನೆನೆಸಿದ ಕರವಸ್ತ್ರವನ್ನು ಮೂಗಿಗೊತ್ತಿಕೊಂಡು, ಬೆಳ್ಳುಳ್ಳಿಯನ್ನು ಅಗಿಯುತ್ತ, ವಾಯು ಶುದ್ಧಿಯಾಗಲೆಂದು ಬೀದಿಯಲ್ಲಿ ಬಂದೂಕು ಹಾರಿಸುತ್ತ ಕಾಲ ಕಳೆದರು; ಸಾವಿನ ಗಂಟೆ ಎಡೆಬಿಡದೆ ಮೊಳಗಿ ಬದುಕಿದ್ದವರ ಧೈರ್ಯವೂ ಕುಂದುತ್ತಿದ್ದುದರಿಂದ ಚರ್ಚುಗಳು ಗಂಟೆ ಬಾರಿಸುವುದನ್ನೇ ನಿಲ್ಲಿಸಿದುವು. ಅಲ್ಲಿನ ಅಗ್ರಗಣ್ಯ ವೈದ್ಯರೂ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರೂ ಆದ ಬೆಂಜಮಿನ್ ರಷ್, ಹಡಗುಕಟ್ಟೆಯ ಮೇಲೆ ಕೊಳೆತು ನಾರುತ್ತಿದ್ದ ಕಾಫಿಯ ರಾಶಿಯೇ ರೋಗದ ಮೂಲವೆಂದು ಸಾರಿ, ರೋಗಿಗಳಿಗೆ ಪಾದರಸದ ಭೇದಿ ಔಷಧವನ್ನು ಕುಡಿಸಿ, ಬಟ್ಟಲುಗಟ್ಟಲೆ ರಕ್ತವನ್ನು ತೆಗೆಯಿಸಿದರು. ಕರಿಯರಿಗೆ ಈ ಜ್ವರ ತಗಲದೆಂಬ ತಪ್ಪು ನಂಬಿಕೆಯಿಂದ ಅವರನ್ನು ಶುಶ್ರೂಷೆಗೆ ಕರೆದರು; ಆಬ್ಸಲಮ್ ಜೋನ್ಸ್, ರಿಚರ್ಡ್ ಆಲನ್ ಎಂಬ ಇಬ್ಬರು ನಾಯಕರ ಮಾತಿಗೆ ಓಗೊಟ್ಟು ಬಂದ ಅವರು ಹೆಣ ಹೊತ್ತರು, ಗುಂಡಿ ತೋಡಿದರು, ತಾವೂ ಸತ್ತರು; ಕಡೆಯಲ್ಲಿ ಹಣ ಸುಲಿದರೆಂಬ ಅಪವಾದವನ್ನು ಅಚ್ಚಾದ ಪುಸ್ತಿಕೆಯಲ್ಲಿ ಓದಬೇಕಾಗಿ ಬಂದಿತು. ಅದಕ್ಕೆ ಆ ಇಬ್ಬರು 1794ರಲ್ಲಿ ಕೊಟ್ಟ ಲಿಖಿತ ಉತ್ತರ ಇಂದಿಗೂ ಉಳಿದಿದೆ.

ಆದರೆ ನನ್ನನ್ನು ಬಹಳವಾಗಿ ಕಾಡುವ ಸಂಗತಿ ಬೇರೊಂದು. ಅದೇ ಆಗಸ್ಟಿನ ಕಡೆಯಲ್ಲಿ, ಹೆಸರಿನ ಜಾಗದಲ್ಲಿ ಎರಡಕ್ಷರವನ್ನಷ್ಟೆ ಹಾಕಿದ ಯಾವನೋ ಒಬ್ಬನು ಅಲ್ಲಿನ ದಿನಪತ್ರಿಕೆಗೆ ಬರೆದು, ಮಳೆ ಬಿದ್ದಿದೆಯಾದ್ದರಿಂದ ಸೊಳ್ಳೆ ಹೆಚ್ಚುತ್ತದೆ, ಮಳೆನೀರಿನ ಪೀಪಾಯಿಗಳಲ್ಲಿ ಸ್ವಲ್ಪ ಎಣ್ಣೆ ಸುರಿದರೆ ಅದರ ಮರಿಗಳು ಸಾಯುತ್ತವೆ, ಇದರಿಂದ ರೋಗಿಗಳಿಗೆ ನೆಮ್ಮದಿಯಾದೀತು ಎಂದು ಸಲಹೆಯಿತ್ತಿದ್ದನು. ಕಚ್ಚಿನ ಕಿರಿಕಿರಿಯನ್ನು ತಪ್ಪಿಸುವ ಗೃಹಕೃತ್ಯದ ಉಪಾಯವೆಂದು ಬರೆದದ್ದು, ಹಾಗೆಂದೇ ಓದಿ ಮಡಿಸಿಟ್ಟದ್ದು! ರೋಗದ ಬೇರನ್ನೇ ಕೀಳಬಲ್ಲ ಮದ್ದು ಬೆಳಗಿನ ಪತ್ರಿಕೆಯಲ್ಲಿ ಮೇಜಿನ ಮೇಲೆ ಬಿದ್ದಿರಲು, ಪಂಡಿತರು ಕಾಫಿಯ ವಾಸನೆಯನ್ನು ಕುರಿತು ವಾದಿಸುತ್ತಿದ್ದರು. ಹವಾನದ ವೈದ್ಯ ಕಾರ್ಲೋಸ್ ಫಿನ್ಲೆ ಸೊಳ್ಳೆಯ ಮೇಲೆ ಬೊಟ್ಟಿಟ್ಟು ತೋರಿಸಿದ್ದು 1881ರಲ್ಲಿ. ಅಮೆರಿಕದ ಸೇನಾವೈದ್ಯ ವಾಲ್ಟರ್ ರೀಡರ ಮಂಡಲಿ ಅದನ್ನು ಸಾಬೀತುಪಡಿಸಿದ್ದು 1900ರಲ್ಲಿ. ಆ ಪೀಪಾಯಿಗಳ ಪತ್ರಕ್ಕೆ ಅಷ್ಟುಹೊತ್ತಿಗೆ ನೂರು ವರ್ಷ ದಾಟಿತ್ತು.

ನಮ್ಮಲ್ಲಿ ಪೀಪಾಯಿಯ ಸ್ಥಾನದಲ್ಲಿರುವುದು ದರಕು. ಕಾನಿನ ನೆಲದ ಮೇಲಿನ ಆ ಒಣಗಿದ ಎಲೆಯ ಹಾಸಿನಲ್ಲಿ ವಾಸಿಸುವ ಉಣುಗು ತನ್ನ ಬಾಳಿನಲ್ಲಿ ಮೂರೇ ಸಲ ಉಣ್ಣುತ್ತದೆಂದರೆ ನೀವು ನಂಬಲಾರಿರಿ: ಮೊಟ್ಟೆಯೊಡೆದು ಆರು ಕಾಲಿನ ಚುಕ್ಕೆಯಾಗಿದ್ದಾಗ ಒಮ್ಮೆ, ಎಂಟು ಕಾಲು ಬಂದ ಎಳೆಯದಾದಾಗ ಒಮ್ಮೆ, ಬೆಳೆದ ಮೇಲೆ ಒಮ್ಮೆ; ಪ್ರತಿ ಊಟಕ್ಕೂ ಬೇರೊಂದು ಪ್ರಾಣಿಯನ್ನು ಹತ್ತಿ, ಹೊಟ್ಟೆ ತುಂಬಿದೊಡನೆ ಕಳಚಿ ಬೀಳುತ್ತದೆ. ಮನುಷ್ಯನಿಗೆ ಕಾಯಿಲೆಯನ್ನು ತರುವುದು ಮುಖ್ಯವಾಗಿ ನಡುವಿನ ಎಳೆಯದು. ಈ ದಶೆಗೆ ಪಾಶ್ಚಾತ್ಯ ವಿಜ್ಞಾನಿಗಳು ಇಟ್ಟ ಹೆಸರು ‘ನಿಂಫ್’, ಗ್ರೀಕರ ಕಥೆಗಳಲ್ಲಿ ಬರುವ ವನಕನ್ಯೆಯ ಹೆಸರು. ಸಾಸಿವೆಗಿಂತ ಕಿರಿದಾದ ಈ ಕನ್ಯೆ ಹಾರಲಾರಳು, ನೆಗೆಯಲಾರಳು. ಹುಲ್ಲಿನ ಕುಡಿಯನ್ನೋ ಎಲೆಯ ತುದಿಯನ್ನೋ ಏರಿ, ಹಿಂಗಾಲುಗಳಿಂದ ಅದನ್ನು ಹಿಡಿದು, ಮುಂಗಾಲುಗಳೆರಡನ್ನು ಗಾಳಿಗೆ ಚಾಚಿಕೊಂಡು ತಪಸ್ಸಿಗೆ ನಿಂತಂತೆ ನಿಲ್ಲುತ್ತಾಳೆ. ಆ ಮುಂಗಾಲುಗಳ ತುದಿಯಲ್ಲಿ ಕಣ್ಣಿಗೆ ಕಾಣದ ಕುಳಿಯೊಂದುಂಟು. ಹಾಲರನ ಅಂಗವೆಂದು ಅದರ ಹೆಸರು. ದಾರಿಯಲ್ಲಿ ಬರುವ ದನದ, ಮಂಗದ, ನಿಮ್ಮ ಅಥವಾ ನನ್ನ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಬೆವರಿನ ವಾಸನೆಯನ್ನೂ ಆ ಕುಳಿಯಿಂದಲೇ ಅರಿಯುತ್ತಾಳೆ. ನಾವು ಮೂಗಿನಿಂದ ಮೂಸಿದರೆ ಉಣುಗು ಕಾಲಿನಿಂದ ಮೂಸುತ್ತದೆ!

ಫೆಬ್ರವರಿಯ ಒಂದು ಬೆಳಗ್ಗೆ ನಾನು ಸೊರಬದ ಕಡೆಯ ಒಂದು ಕಾನಿನ ಅಂಚಿನಲ್ಲಿ, ಸಂಶೋಧಕರು ಬಿಳಿಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗು ಹಿಡಿಯುವರೆಂದು ಓದಿದ್ದುದರಿಂದ, ಹಳೆಯ ಪಂಚೆಯೊಂದನ್ನು ಕೋಲಿಗೆ ಕಟ್ಟಿ ದರಕಿನ ಮೇಲೆ ಹತ್ತು ಮಾರು ಎಳೆದುಕೊಂಡು ಹೋದೆನು. ದನದ ಕಾಲುದಾರಿಯನ್ನು ದಾಟುವ ತನಕ ಪಂಚೆ ಬೆಳ್ಳಗೇ ಇತ್ತು; ದಾಟಿದ ಮೇಲೆ ತಿರುಗಿಸಿ ನೋಡಿದರೆ, ಕರಿಯೆಳ್ಳು ಚೆಲ್ಲಿದಂತೆ ಚುಕ್ಕೆಗಳು, ಆ ಎಳ್ಳು ನನ್ನ ಕೈಯತ್ತ ನಡೆಯುತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿ ಉಣುಗನ್ನು ಕಾಣದವನಲ್ಲ ನಾನು. ಆದರೂ ಅಂದು ಕೋಲನ್ನು ಎಸೆದು ಓಡಿದೆನೆಂಬುದನ್ನು ಮುಚ್ಚಿಡಲಾರೆ.

ದನದ ದಾರಿಯ ಮಾತು ಸುಮ್ಮನೆ ಬಂದುದಲ್ಲ. ಹಳದಿ ಜ್ವರವನ್ನು ಕೊಲಂಬಿಯದ ಕಾಡುಗಳಲ್ಲಿ ಅಭ್ಯಾಸ ಮಾಡಿದ್ದ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ಮುಂದೆ ನಮ್ಮ ಸಾಗರ ಸೀಮೆಗೆ ಬಂದು ಈ ಕಾಯಿಲೆಯ ಹಿಂದೆ ಬಿದ್ದರು. ಜನ ಹೆಚ್ಚಿ, ಕಾಡು ಕಡಿದು, ದನಗಳು ಒಳಗೊಳಗೆ ಮೇಯತೊಡಗಿದಂತೆ, ಬೆಳೆದ ಉಣುಗಿಗೆ ಹೇರಳವಾಗಿ ಊಟ ದೊರೆತು ಸಂತತಿ ಬೆಳೆಯಿತೆಂಬುದು ಅವರ ವಾದ. ದನಕ್ಕೆ ಕಾಯಿಲೆ ಬಾರದು. ಅದು ಅನ್ನಛತ್ರ ಮಾತ್ರ. ಮಂಗಕ್ಕಾದರೋ ಬರುತ್ತದೆ, ಕೊಲ್ಲುತ್ತದೆ. ರಕ್ತದಲ್ಲಿ ವೈರಸ್ ಉಕ್ಕುತ್ತಿರುವಾಗ ಸಾಯುವ ಆ ಜೀವಿಯ ಮೈಯಿಂದ ಉಣುಗುಗಳು ಕಳಚಿ ಸುತ್ತಲೂ ಚದರುತ್ತವೆ. ಕಾಯಿಲೆಯ ಮನುಷ್ಯನಿಂದ ಮನೆಯವರಿಗೆ ಅದು ಹರಡುವುದಿಲ್ಲ. ರೋಗಿಯನ್ನು ಕಂಡು ದೂರ ಸರಿಯುವವರು ಫಿಲಡೆಲ್ಫಿಯದ ಬೀದಿಯ ನಡುವೆ ನಡೆದವರ ವಂಶದವರೇ.

ಮಂಗ ಸತ್ತರೆ ಹನುಮಂತನೇ ಸತ್ತನೆಂದು ಹೂವು ಹಾಕಿ, ಕುಂಕುಮವಿಟ್ಟು, ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುವ ಪದ್ಧತಿ ನಮ್ಮ ಎಷ್ಟೋ ಊರುಗಳಲ್ಲುಂಟು. ಆ ಭಕ್ತಿಯನ್ನು ನಾನು ಹಳಿಯುವವನಲ್ಲ. ಆದರೆ ಡಿಸೆಂಬರಿನಿಂದ ಮೇ ತನಕ, ಅದೂ ಈ ಸೀಮೆಯಲ್ಲಿ, ಆ ಹೆಗಲು ನೇರವಾಗಿ ಉಣುಗಿನ ಬಾಯಿಗೆ ಒಡ್ಡಿದ ಹೆಗಲು. ಏಪ್ರಿಲಿನಲ್ಲಿ ಮಾರಿಗೆ ಹರಕೆ ಹೊತ್ತು, ಜೂನಿನ ಮಳೆ ಬಿದ್ದು ಕಾಯಿಲೆ ನಿಂತಾಗ ಹರಕೆ ಫಲಿಸಿತೆನ್ನುವವರೂ ಉಂಟು. ಮುಂಗಾರಿನೊಡನೆ ಎಳೆಯ ಉಣುಗುಗಳ ಕಾಲ ಮುಗಿಯುತ್ತದೆ, ಅಷ್ಟೆ. ಫಿಲಡೆಲ್ಫಿಯದಲ್ಲಿ ಹಿಮ ಬಿದ್ದು ಸೊಳ್ಳೆ ಸತ್ತಾಗ ಅಲ್ಲಿಯವರೂ ಗಾಳಿ ಶುದ್ಧವಾಯಿತೆಂದೇ ಸಂತೋಷಪಟ್ಟರು.

ಹಳದಿ ಜ್ವರಕ್ಕೆ ಮ್ಯಾಕ್ಸ್ ಥೈಲರ್ 1937ರಲ್ಲಿ ಸಿದ್ಧಪಡಿಸಿದ ಲಸಿಕೆ ಇಂದಿಗೂ ಸಮರ್ಥವಾಗಿದೆ. ನಮ್ಮ ಪಾಲಿಗಿದ್ದ ಲಸಿಕೆ ದುರ್ಬಲವೆಂದು ಕಂಡು 2022ರಲ್ಲಿ ನಿಂತುಹೋಯಿತು. ಹೀಗಾಗಿ ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಸವರುವುದು, ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತೊಳೆಯುವುದು, ಇಷ್ಟೇ ಸದ್ಯಕ್ಕೆ ಕೈಯಲ್ಲಿರುವ ಉಪಾಯ.

ಮಂಗಗಳನ್ನು ಸಾಗಿಸುವ ಮಾತಿಗೆ ಉತ್ತರ ಇಷ್ಟರಲ್ಲಿ ಹೊಳೆದಿರಬೇಕು. ಅವು ಹೋದರೂ ಕಾಡಿಲಿಯೂ ಸುಂಡಿಲಿಯೂ ಉಣುಗಿಗೆ ಊಟವಿಕ್ಕುತ್ತಿರುತ್ತವೆ. ಹೋದ ಮಂಗಗಳು ತಮ್ಮ ಮೈಯ ಉಣುಗನ್ನು ಹೊಸ ಊರಿಗೆ ಹೊತ್ತೊಯ್ಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕಾಯಿಲೆ ಬಂದಿದೆಯೆಂದು ನಿಮಗಿಂತ ಮುಂಚೆ ಸತ್ತು ತಿಳಿಸುವವರು ಯಾರೂ ಉಳಿಯುವುದಿಲ್ಲ. ಪತ್ರ ಬರೆದ ಮಹನೀಯರು ತಮ್ಮ ತೋಟದ ಮೇಲೆ ಬಿದ್ದ ಮುಸಿಯದ ವಿಷಯವನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸಿದರೋ ಇಲ್ಲವೋ ಬರೆದಿಲ್ಲ. ತಿಳಿಸಿರದಿದ್ದರೆ ಇದನ್ನು ಓದಿದೊಡನೆ ಎದ್ದು ಹೋಗಲಿ. ಹೋಗುವಾಗ ಕಾನಿನ ಕಾಲುದಾರಿಯನ್ನು ಬಿಟ್ಟು, ಸುತ್ತಾದರೂ ಗದ್ದೆಯ ಬದುವಿನ ಮೇಲೆಯೇ ಹೋಗಲಿ.