ಗೆರೆಗಳ ಮೇಲೆ ನೆಲೆ ಕಂಡ ಸಂಗೀತ

ಒಂಬತ್ತನೆಯ ಶತಮಾನದ ಯುರೋಪಿನ ಕ್ರೈಸ್ತ ಮಠಗಳಲ್ಲಿ ಎಷ್ಟೇ ಸಂನ್ಯಾಸಿಗಳು ಸೇರಿ ಹಾಡಿದರೂ ಕೇಳುತ್ತಿದ್ದುದು ಹೆಚ್ಚಾಗಿ ಒಂದೇ ಧಾಟಿ. ಗ್ರೆಗೋರಿಯನ್ ಗಾಯನವೆನಿಸಿದ ಈ ಲ್ಯಾಟಿನ್ ಪ್ರಾರ್ಥನೆಗಳ ಸಾಹಿತ್ಯದ ಮೇಲೆ ನ್ಯೂಮ್ ಎಂಬ ಚಿಕ್ಕ ಗುರುತುಗಳನ್ನು ಬರೆಯುವ ರೂಢಿ ಆಗಲೇ ಮೊದಲಾಗಿತ್ತಾದರೂ, ಅವು ಸ್ವರದ ಏರಿಳಿತವನ್ನು ಸೂಚಿಸುತ್ತಿದ್ದವೇ ಹೊರತು ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ತಿಳಿಸುತ್ತಿರಲಿಲ್ಲವಾದ್ದರಿಂದ, ಹಾಡು ಮೊದಲೇ ಕಂಠಪಾಠವಾಗಿದ್ದವರಿಗೆ ಮಾತ್ರ ಅವು ಉಪಯೋಗಕ್ಕೆ ಬರುತ್ತಿದ್ದವು.

ಈ ಕೊರತೆಯನ್ನು ನೀಗಿದವನು ಇಟಲಿಯ ಅರೆಝೊ ನಗರದಲ್ಲಿ ಬಾಲಕರಿಗೆ ಹಾಡು ಕಲಿಸುತ್ತಿದ್ದ ಸಂನ್ಯಾಸಿ ಗುಯಿಡೊ. ಸುಮಾರು 1025ರ ಹೊತ್ತಿಗೆ ಅವನು ಅಡ್ಡಗೆರೆಗಳನ್ನೆಳೆದು, ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ ಕೊಟ್ಟು, ಗೆರೆಯ ಮೇಲೂ ಗೆರೆಗಳ ನಡುವಿನ ತೆರಪಿನಲ್ಲೂ ಪ್ರತಿ ಸ್ವರಕ್ಕೆ ಖಚಿತವಾದ ನೆಲೆ ಗೊತ್ತುಮಾಡಿದ. ಸ್ನಾನಿಕ ಯೋಹಾನನ ಸ್ತುತಿಯೊಂದರ ಆರು ತುಂಡುಗಳು ಒಂದಕ್ಕಿಂತ ಒಂದು ಮೇಲಿನ ಸ್ವರದಿಂದ ಎತ್ತುಗಡೆಯಾಗುವುದನ್ನು ಗಮನಿಸಿ, ಅವುಗಳ ಮೊದಲಕ್ಷರಗಳಾದ ಉತ್, ರೆ, ಮಿ, ಫಾ, ಸೋಲ್, ಲಾಗಳನ್ನೇ ಸ್ವರನಾಮಗಳಾಗಿ ಬಳಸಿದ. ಹತ್ತು ವರ್ಷಗಳ ಕಲಿಕೆ ಇದರಿಂದ ಒಂದೆರಡು ವರ್ಷಗಳಿಗೆ ಇಳಿಯಿತೆಂದು ಅವನು ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಅದರಲ್ಲಿ ತುಸು ಬಡಾಯಿ ಇದ್ದರೂ, ಎಂದೂ ಕೇಳದ ಹಾಡನ್ನು ಬರಹದಿಂದಲೇ ಹಾಡುವುದು ಸಾಧ್ಯವಾದದ್ದಂತೂ ನಿಜ.

ಒಂದೇ ಹಾಡಿಗೆ ಬೇರೆ ಬೇರೆ ಧಾಟಿಗಳನ್ನು ಏಕಕಾಲಕ್ಕೆ ಹೊಂದಿಸುವ ಬಹುಧ್ವನಿ ಗಾಯನ ಗುಯಿಡೊನಿಗಿಂತ ಹಳೆಯದು. ಆದರೆ ಅದು ಬೃಹತ್ ರಚನೆಯಾಗಿ ಬೆಳೆದದ್ದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ಲಿಯೊನಿನ್ ಮತ್ತು ಪೆರೊಟಿನ್ ಅವರ ಕೈಯಲ್ಲಿ. ಪೆರೊಟಿನ್‌ನ ನಾಲ್ಕು ಧ್ವನಿಗಳ 'ವಿದೆರುಂತ್ ಓಮ್ನೆಸ್' ರಚನೆಯಲ್ಲಿ ಮೂಲಗೀತೆಯ ಒಂದೊಂದು ಸ್ವರವನ್ನೂ ತಳದ ಧ್ವನಿ ದೀರ್ಘವಾಗಿ ಹಿಡಿದು ನಿಲ್ಲಿಸಿದರೆ, ಮೇಲಿನ ಮೂರು ಧ್ವನಿಗಳು ಮೂರರ ಗತಿಯಲ್ಲಿ ಒಂದನ್ನೊಂದು ಸುತ್ತಿ ಸಾಗುತ್ತವೆ. ಹೀಗೆ ಹಾಡುವಾಗ ಪ್ರತಿ ಸ್ವರದ ಕಾಲಾವಧಿಯೂ ಖಚಿತವಾಗಿರಬೇಕಾಗುತ್ತದೆ. ಸುಮಾರು 1280ರಲ್ಲಿ ಕಲೋನಿನ ಫ್ರಾಂಕೊ ಚಿಹ್ನೆಯ ಆಕಾರದಿಂದಲೇ ಅವಧಿ ತಿಳಿಯುವ ಕ್ರಮವನ್ನು ನಿರೂಪಿಸಿದ ಮೇಲೆ, ಗೆರೆ ಸ್ಥಾನವನ್ನೂ ಆಕಾರ ಕಾಲವನ್ನೂ ಹೇಳತೊಡಗಿದವು.

ಮುಂದಿನ ಶತಮಾನದ ಫ್ರಾನ್ಸಿನಲ್ಲಿ ಲಯದ ಲೆಕ್ಕಾಚಾರ ಎಷ್ಟು ತೊಡಕಾಯಿತೆಂದರೆ, ಅವಿನ್ಯೋನಿನಲ್ಲಿದ್ದ ಪೋಪ್ ಇಪ್ಪತ್ತೆರಡನೆಯ ಜಾನ್ ಮೂಲಗೀತೆಯೇ ಗುರುತು ಸಿಗದಂತಾಗಿದೆಯೆಂದು ಆಜ್ಞಾಪತ್ರವನ್ನೇ ಹೊರಡಿಸಬೇಕಾಯಿತು. ಕಿವಿಗೆ ಹಿತವಾದ ಬದಲಾವಣೆ ಬಂದದ್ದು ಇಂಗ್ಲೆಂಡಿನಿಂದ. ಷಡ್ಜ–ಪಂಚಮದ ಹೊಂದಾಣಿಕೆಯನ್ನೇ ಮುಖ್ಯವಾಗಿ ನೆಚ್ಚಿದ್ದ ಯುರೋಪಿಗೆ ಡನ್‌ಸ್ಟೇಬಲ್ ಮೊದಲಾದವರು ಷಡ್ಜ–ಗಾಂಧಾರದ ಮೃದುವಾದ ಕೂಡಿಕೆಯ ರುಚಿ ಹತ್ತಿಸಿದರು. 1436ರಲ್ಲಿ ಫ್ಲಾರೆನ್ಸಿನ ಪ್ರಧಾನಾಲಯದ ಪ್ರತಿಷ್ಠಾಪನೆಗೆ ದ್ಯುಫಾಯ್ ರಚಿಸಿದ ಕೃತಿಯಲ್ಲಿ ಹಳೆಯ ಲೆಕ್ಕಾಚಾರವೂ ಈ ಹೊಸ ಮಾಧುರ್ಯವೂ ಜೊತೆಗಿವೆ. ನಂತರದ ಜೋಸ್ಕಿನ್ ಮೂಲಗೀತೆಯ ಹೊಣೆಯನ್ನು ಒಂದೇ ಧ್ವನಿಗೆ ಬಿಡದೆ, ಒಂದು ಧ್ವನಿ ಎತ್ತಿಕೊಂಡ ಸ್ವರಸಾಲನ್ನು ಉಳಿದವು ಸರದಿಯಂತೆ ಅನುಸರಿಸುವ ಕ್ರಮವನ್ನು ಪಳಗಿಸಿ, ಎಲ್ಲ ಧ್ವನಿಗಳಿಗೂ ಸಮಾನ ಸ್ಥಾನ ಕೊಟ್ಟ.

ವೆನಿಸ್ಸಿನ ಪೆತ್ರೂಚಿ 1501ರಲ್ಲಿ ಬಹುಧ್ವನಿ ಗೀತೆಗಳನ್ನು ಅಚ್ಚುಮೊಳೆಗಳಿಂದ ಮುದ್ರಿಸಿದಾಗ ಗೆರೆ, ಸ್ವರ, ಅಕ್ಷರಗಳಿಗಾಗಿ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡಬೇಕಿತ್ತು. ಒಂದು ಕೂದಲೆಳೆಯಷ್ಟು ಸರಿದರೂ ಸ್ವರವೇ ಬದಲಾಗುವ ಆ ಕೆಲಸವನ್ನು ಅವನು ಬೆರಗುಗೊಳಿಸುವಷ್ಟು ಅಚ್ಚುಕಟ್ಟಾಗಿ ಮಾಡಿದ್ದಾನೆ. ಮರುವರ್ಷ ಅವನು ಹೊರತಂದದ್ದು ಜೋಸ್ಕಿನ್‌ನ ಬಲಿಪೂಜಾ ಗೀತೆಗಳ ಸಂಪುಟ.