ಕರಗದ ಮದ್ದನ್ನು ಕರಗಿಸುವ ಬಗೆ

ರಕ್ತನಾಳದ ಮೂಲಕ ಕೊಡುವ ಔಷಧಗಳನ್ನು ಸಾಮಾನ್ಯವಾಗಿ ಶೇಕಡಾ 0.9ರ ಉಪ್ಪುನೀರಿನಲ್ಲಾಗಲಿ, ಶೇಕಡಾ 5ರ ಗ್ಲೂಕೋಸು ನೀರಿನಲ್ಲಾಗಲಿ ಬೆರೆಸುವುದು ವಾಡಿಕೆ. ಎಷ್ಟೋ ಔಷಧಗಳಿಗೆ ಇವೆರಡರಲ್ಲಿ ಯಾವುದಾದರೂ ಸರಿಯೆ. ಆದರೆ ಆಂಫೋಟೆರಿಸಿನ್-ಬಿ ಎಂಬ ಔಷಧದ ವಿಷಯದಲ್ಲಿ ಕಟ್ಟುನಿಟ್ಟಾದ ನಿಷೇಧವೊಂದುಂಟು: ಉಪ್ಪುನೀರಿನ ಸಂಪರ್ಕವೇ ಕೂಡದು. ಬೆರೆಯಿತೆಂದರೆ, ತಿಳಿಹಳದಿ ಬಣ್ಣದ ಆ ದ್ರವವು ಕದಡಿ, ಔಷಧವು ಬೇರೆಯಾಗಿ ತಳಕ್ಕಿಳಿಯುತ್ತದೆ. ಅಡಿಗೆಯ ಉಪ್ಪಿಗೆ ಈ ಔಷಧವು ಇಷ್ಟೊಂದು ಹೆದರುವುದೇಕೆ? ಇದಕ್ಕೆ ಉತ್ತರವನ್ನು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತವಿಜ್ಞಾನದಲ್ಲಿ ಹುಡುಕಬೇಕು.

ಸ್ಟ್ರೆಪ್ಟೊಮೈಸಿಸ್ ನೊಡೋಸಸ್ ಎಂಬ ಸೂಕ್ಷ್ಮಜೀವಿಯು ತಯಾರಿಸುವ ವಸ್ತು ಇದು. ದಕ್ಷಿಣ ಅಮೆರಿಕದ ಆರಿನೋಕೋ ನದಿಯ ಸೀಮೆಯಿಂದ ತಂದ ಮಣ್ಣಿನಲ್ಲಿ ದೊರೆತ ಈ ಜೀವಿಯಿಂದ ಸ್ಕ್ವಿಬ್ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದ ನಡುವೆ ಔಷಧವನ್ನು ಬೇರ್ಪಡಿಸಿದರು. ದೇಹದೊಳಗೆ ವ್ಯಾಪಿಸಿದ ಬೂಷ್ಟುರೋಗಗಳು ಆಗ ಬಹುಮಟ್ಟಿಗೆ ಮಾರಕವಾಗಿದ್ದುವು. ಅವನ್ನು ಅಡಗಿಸುವ ಶಕ್ತಿ ಈ ಹೊಸ ವಸ್ತುವಿಗಿತ್ತು. ಆದರೆ ಅದು ನೀರಿನಲ್ಲಿ ಕರಗದು. ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರಗದ ಪುಡಿಯನ್ನು ರಕ್ತನಾಳಕ್ಕೆ ಹೊಗಿಸುವಂತೆಯೂ ಇಲ್ಲ. ಮದ್ದು ಕೈಯಲ್ಲಿದ್ದೂ ರೋಗಿಗೆ ಒದಗದ ಸ್ಥಿತಿ.

ನೀರಿನ ಅಣುವಿನ ಒಂದು ಬದಿಯಲ್ಲಿ ಕಿಂಚಿತ್ ಧನವಿದ್ಯುತ್ತೂ ಇನ್ನೊಂದು ಬದಿಯಲ್ಲಿ ಋಣವಿದ್ಯುತ್ತೂ ಇರುವುದರಿಂದ, ಈ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಸಕ್ಕರೆಯ ಅಣು ಈ ಕೂಟದೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆ. ಎಣ್ಣೆಯ ಅಣುವಿಗೆ ಅಲ್ಲಿ ಎಡೆಯಿಲ್ಲ. ಆಂಫೋಟೆರಿಸಿನ್ ಅಣುವೋ ಇಬ್ಬಗೆಯದು. 47 ಇಂಗಾಲದ ಪರಮಾಣುಗಳುಳ್ಳ ಈ ದೊಡ್ಡ ಅಣುವಿನ ಒಂದು ಮಗ್ಗುಲು ನೀರನ್ನು ಬಯಸುತ್ತದೆ, ಮತ್ತೊಂದು ಮಗ್ಗುಲು ಒಲ್ಲದು. ನೀರಿನಲ್ಲಿಟ್ಟರೆ ನೀರೊಲ್ಲದ ಮಗ್ಗುಲುಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಟ್ಟುತ್ತವೆ.

ಜಿಡ್ಡನ್ನು ನೀರಿನೊಡನೆ ಕೂಡಿಸುವ ಉಪಾಯವನ್ನು ನಮ್ಮ ಬಚ್ಚಲುಮನೆಯ ಸಾಬೂನು ದಿನವೂ ಮಾಡಿ ತೋರಿಸುತ್ತಿದೆ. ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆ, ನೀರೊಲ್ಲದ ಉದ್ದವಾದ ಬಾಲ. ಇಂತಹ ಅಣುಗಳು ನೀರಿನಲ್ಲಿ ಒಂದು ಮಿತಿಯನ್ನು ಮೀರಿದೊಡನೆ ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಹೊರಗೆ ಮಾಡಿ ಗುಂಪುಗೂಡುತ್ತವೆಂದು ಮೆಕ್‌ಬೇನ್ ಎಂಬ ರಸಾಯನಶಾಸ್ತ್ರಜ್ಞನು 1913ರಲ್ಲಿ ಸೂಚಿಸಿದನು. ಈ ಗುಂಪಿಗೆ ಮಿಸೆಲ್ ಎಂದು ಹೆಸರು. ಮಿತಿಯೆಂಬುದು ಬಾಯಿಮಾತಲ್ಲ. ತಲೆಗೂದಲು ತೊಳೆಯುವ ದ್ರವಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನು ತೆಗೆದುಕೊಳ್ಳೋಣ. ಲೀಟರು ನೀರಿಗೆ ಸುಮಾರು 2.3 ಗ್ರಾಂ ಆಗುವವರೆಗೆ ಅದರ ಅಣುಗಳು ಬಿಡಿಬಿಡಿಯಾಗಿರುತ್ತವೆ. ಅದಕ್ಕೆ ಮೇಲೆ ಹಾಕಿದುದೆಲ್ಲ ಸುಮಾರು 60 ಅಣುಗಳ ಗುಂಪುಗಳಾಗುತ್ತದೆ. ಒಂದೊಂದರ ಅಡ್ಡಳತೆ ಸುಮಾರು 4 ನ್ಯಾನೊಮೀಟರು. (ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.) ನೀರೊಲ್ಲದ ವಸ್ತುವಿಗೆ ಇದರ ಒಡಲೊಳಗೆ ಆಶ್ರಯ ದೊರೆಯುತ್ತದೆ. ಅಂಥ ವಸ್ತು ಕರಗಿತೆನ್ನುವುದಕ್ಕಿಂತ, ಮರೆಯಲ್ಲಿ ಕುಳಿತು ಪಯಣಮಾಡುತ್ತದೆ ಎನ್ನುವುದೇ ಸರಿ.

ಸಾಬೂನನ್ನೇ ರಕ್ತಕ್ಕೆ ಸೇರಿಸುವ ಹಾಗಿಲ್ಲವಷ್ಟೆ. ಅದು ರಕ್ತಕಣಗಳ ಪೊರೆಯನ್ನೇ ಒಡೆಯುತ್ತದೆ. ಆದರೆ ನಮ್ಮ ದೇಹದಲ್ಲಿಯೇ ಇಂತಹ ವಸ್ತುವೊಂದುಂಟು, ಪಿತ್ತರಸದ ಲವಣಗಳು. ನಾವು ಉಂಡ ತುಪ್ಪದ ಅಂಶಗಳನ್ನೂ ಎ, ಡಿ ಮೊದಲಾದ ಜೀವಸತ್ವಗಳನ್ನೂ ಮಿಸೆಲ್‌ಗಳಲ್ಲಿ ಹೊತ್ತು ಕರುಳಿನ ಗೋಡೆಗೆ ಮುಟ್ಟಿಸುವುವು ಇವೇ. ಸ್ಕ್ವಿಬ್ ಸಂಸ್ಥೆಯವರು ಅವುಗಳಲ್ಲೊಂದಾದ ಸೋಡಿಯಂ ಡಿಆಕ್ಸಿಕೋಲೇಟನ್ನು ಆರಿಸಿಕೊಂಡರು. 50 ಮಿಲಿಗ್ರಾಂ ಔಷಧಕ್ಕೆ 41 ಮಿಲಿಗ್ರಾಂ ಪಿತ್ತಲವಣ. ವಾಹಕವು ಹೆಚ್ಚುಕಡಮೆ ಸರಕಿನಷ್ಟೇ ತೂಕ! ನೋಟಕ್ಕೆ ಇದು ತಿಳಿಯಾದ ದ್ರಾವಣ. ವಾಸ್ತವವಾಗಿ ಇದೊಂದು ಕಲಿಲ; ಅಂದರೆ ಅಣುವಿಗಿಂತ ದೊಡ್ಡದಾದ, ಕಣ್ಣಿಗೆ ಕಾಣದ ಕಣಗಳು ನೀರಿನಲ್ಲಿ ತೇಲಾಡುವ ಸ್ಥಿತಿ. ಆದುದರಿಂದಲೇ ಇದನ್ನು ಶೋಧಿಸುವುದಾದರೆ ಶೋಧಕದ ರಂಧ್ರಗಳು ಒಂದು ಮೈಕ್ರಾನಿಗಿಂತ ಕಿರಿದಾಗಿರಬಾರದೆಂಬ ಎಚ್ಚರಿಕೆಯಿದೆ; ಕಿರಿದಾದರೆ ಔಷಧವೇ ಸಿಕ್ಕಿಕೊಂಡೀತು.

ಈಗ ಉಪ್ಪಿನ ಮಾತಿಗೆ ಬರಬಹುದು. ಪಿತ್ತಲವಣದಿಂದಾಗಿ ಕಣಗಳ ಮೈಮೇಲೆ ಋಣವಿದ್ಯುತ್ತಿರುತ್ತದೆ. ಸಜಾತಿ ವಿದ್ಯುತ್ತುಗಳು ವಿಕರ್ಷಿಸುವುದರಿಂದ ಒಂದು ಕಣ ಮತ್ತೊಂದನ್ನು ಹತ್ತಿರ ಸೇರಿಸದು. ಉಪ್ಪು ಬೆರೆತಾಗ ಧನವಿದ್ಯುತ್ತುಳ್ಳ ಸೋಡಿಯಂ ಅಯಾನುಗಳು ಕಣಗಳ ಸುತ್ತ ಮುತ್ತಿಕೊಂಡು ಈ ವಿಕರ್ಷಣೆಯನ್ನು ಮರೆಮಾಡುತ್ತವೆ. ಆಗ ಕಣಗಳು ಡಿಕ್ಕಿಹೊಡೆದು ಅಂಟಿಕೊಂಡು, ಬೆಳೆದು, ತಳಕ್ಕಿಳಿಯುತ್ತವೆ. ರಾಡಿನೀರಿನ ಕೊಡದಲ್ಲಿ ಪಟಿಕವನ್ನಾಡಿಸಿ ತಿಳಿಮಾಡುವ ಗೃಹಿಣಿಯು ಇದೇ ಬಗೆಯ ವಿದ್ಯೆಯನ್ನು ಪ್ರಯೋಗಿಸುತ್ತಾಳೆ. ನದಿಯ ಸೂಕ್ಷ್ಮವಾದ ಮಣ್ಣು ಸಮುದ್ರದ ಉಪ್ಪುನೀರನ್ನು ಸೇರಿದೊಡನೆ ಗೂಡುಗಟ್ಟಿ ಇಳಿಯುವುದೂ ಹೀಗೆಯೇ. ಗ್ಲೂಕೋಸಿನಲ್ಲಿ ಅಯಾನುಗಳಿಲ್ಲವಾದುದರಿಂದ ಅದು ನಿರಪಾಯಕಾರಿ.

ಹಾಗಾದರೆ ರಕ್ತವೂ ಉಪ್ಪಾಗಿದೆಯಲ್ಲ ಎಂದು ವಾಚಕರು ಕೇಳಬಹುದು. ರಕ್ತದಲ್ಲಿ ಔಷಧವು ತೊಟ್ಟುತೊಟ್ಟಾಗಿ ಬಿದ್ದು ತೆಳುವಾಗುತ್ತದೆ, ಪಿತ್ತಲವಣವು ಕಳಚಿಕೊಳ್ಳುತ್ತದೆ, ಕೊಲೆಸ್ಟರಾಲನ್ನು ಹೊರುವ ಪ್ರೋಟೀನು ಕಣಗಳು ಔಷಧವನ್ನು ಎತ್ತಿಕೊಳ್ಳುತ್ತವೆ. ತೊಡಕು ಇರುವುದೂ ಇಲ್ಲಿಯೇ. ಔಷಧವು ಬೂಷ್ಟಿನ ಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು ಹಿಡಿದು ಅದನ್ನು ಕೊಲ್ಲುತ್ತದೆ. ನಮ್ಮ ಜೀವಕೋಶಗಳ ಕೊಲೆಸ್ಟರಾಲನ್ನೂ, ಕಡಮೆ ಬಿಗಿಯಾಗಿಯಾದರೂ, ಹಿಡಿಯುತ್ತದೆ. ಪರಿಣಾಮವಾಗಿ ಚಳಿ, ಜ್ವರ. ಎಲ್ಲಕ್ಕಿಂತ ಮಿಗಿಲಾಗಿ ಮೂತ್ರಪಿಂಡಗಳಿಗೆ ಹಾನಿ. ಕರಗಿಸುವುದಷ್ಟೇ ಸಾಲದು, ವಾಹಕವು ಸರಕನ್ನು ಎಲ್ಲಿ ಇಳಿಸುತ್ತದೆಂಬುದೂ ಮುಖ್ಯವೆಂದಾಯಿತು.

1960ರ ದಶಕದಲ್ಲಿ ಇಂಗ್ಲೆಂಡಿನ ಬ್ಯಾಂಗಮ್ ಮತ್ತು ಸಂಗಡಿಗರು, ಲೆಸಿಥಿನ್‌ನಂತಹ ಕೊಬ್ಬು ನೀರಿನಲ್ಲಿ ತಾನಾಗಿ ಎರಡು ಪದರದ ಗೋಡೆಯುಳ್ಳ ಗುಳ್ಳೆಗಳಾಗುವುದನ್ನು ಕಂಡುಕೊಂಡಿದ್ದರು. ಇವೇ ಲಿಪೊಸೋಮ್‌ಗಳು. 100 ನ್ಯಾನೊಮೀಟರಿಗಿಂತ ಕಿರಿದಾದ ಇಂತಹ ಗುಳ್ಳೆಗಳ ಗೋಡೆಯಲ್ಲಿಯೇ ಆಂಫೋಟೆರಿಸಿನ್ನನ್ನು ನಾಟಿದ ಔಷಧವು 1990ರ ದಶಕದಲ್ಲಿ ಬಳಕೆಗೆ ಬಂದಿತು. ಗೋಡೆಯು ಔಷಧವನ್ನು ಬಿಗಿಯಾಗಿ ಹಿಡಿದಿರುವುದರಿಂದ ಮೂತ್ರಪಿಂಡಗಳಿಗೆ ತಗಲುವ ಪೆಟ್ಟು ಬಹಳ ಕಡಮೆ. ಆದುದರಿಂದ ಒಮ್ಮೆಗೇ ಹೆಚ್ಚು ಔಷಧವನ್ನು ಕೊಡಬಹುದು.

ಇದರ ಬೆಲೆಯನ್ನು ಬಿಹಾರದ ಕಾಲಾ ಅಜಾರ್ ರೋಗಿಗಳು ಬಲ್ಲರು. ಈ ರೋಗದ ಪರೋಪಜೀವಿಯ ಪೊರೆಯಲ್ಲಿಯೂ ಎರ್ಗೊಸ್ಟೆರಾಲ್ ಇರುವುದರಿಂದ ಅದಕ್ಕೂ ಇದೇ ಮದ್ದು. ಮುಜಫ್ಫರ್‌ಪುರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 108 ಮಂದಿಗೆ ಹಳೆಯ ಔಷಧವನ್ನು ದಿನ ಬಿಟ್ಟು ದಿನ 15 ಸಲ ಕೊಡಲಾಯಿತು. ಅವರು 29 ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಬೇರೆ 304 ಮಂದಿಗೆ ಲಿಪೊಸೋಮ್ ಔಷಧವನ್ನು ಒಂದೇ ಸಲ ಕೊಟ್ಟು ಮರುದಿನ ಮನೆಗೆ ಕಳುಹಿಸಿದರು. ಆರು ತಿಂಗಳ ತರುವಾಯ ಗುಣಹೊಂದಿದ್ದವರ ಪ್ರಮಾಣ ಎರಡು ಗುಂಪಿನಲ್ಲಿಯೂ ಸುಮಾರು ಶೇಕಡಾ 96. ದಿನಗೂಲಿಯಿಂದ ಬದುಕುವ ಸಂಸಾರಕ್ಕೆ 29 ದಿನಗಳೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿಪೊಸೋಮ್‌ಗಳ ತಯಾರಿಕೆಯಾದರೋ ದುಬಾರಿ, ಕೆಲಸವೂ ನಯವಾದುದು. 2021ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದಲ್ಲೆಲ್ಲ ಕಪ್ಪು ಬೂಷ್ಟಿನ ರೋಗವು ಹಬ್ಬಿದಾಗ ಈ ಔಷಧವು ಸಾಲದೆಹೋಯಿತು. ಅನೇಕ ಕಡೆ ವೈದ್ಯರು ಪಿತ್ತಲವಣದ ಹಳೆಯ ಕಲಿಲವನ್ನೇ, ರೋಗಿಯ ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟು, ಗ್ಲೂಕೋಸು ನೀರಿನಲ್ಲಿ ನಿಧಾನವಾಗಿ ಹರಿಸಿದರು.