ಡೀಸೆಲ್ ಕಣ ಶೋಧಕ

ಡೀಸೆಲ್ ಕಣ ಶೋಧಕವು (ಡಿಪಿಎಫ್) ಡೀಸೆಲ್ ವಾಹನಗಳ ಹೊಗೆಯಲ್ಲಿರುವ ಮಸಿಯ ಕಣಗಳನ್ನು ಹಿಡಿದಿಡುವ ಸಾಧನ. ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಹೊಸ ಡೀಸೆಲ್ ಕಾರುಗಳಲ್ಲಿ ಇದರ ಬಳಕೆ ಸಾಮಾನ್ಯವಾಯಿತು.

ಕಾರ್ಯವಿಧಾನ

ಶೋಧಕದ ಒಳಗೆ ಜೇನುಗೂಡಿನಂತಹ ಪಿಂಗಾಣಿ ರಚನೆಯಿರುತ್ತದೆ. ಅದರ ನಾಳಗಳ ತುದಿಗಳನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುವುದರಿಂದ ಹೊಗೆಯು ಸೂಕ್ಷ್ಮರಂಧ್ರಗಳುಳ್ಳ ಗೋಡೆಗಳ ಮೂಲಕ ಹಾದುಹೋಗುತ್ತದೆ. ಮಸಿ ಅಲ್ಲಿಯೇ ಉಳಿಯುತ್ತದೆ. ಎಂಜಿನ್ ಹೆಚ್ಚುವರಿ ಇಂಧನ ಚಿಮ್ಮಿಸಿ ಶೋಧಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಮಸಿ ಉರಿದುಹೋಗುತ್ತದೆ. ಇದನ್ನು ರೀಜನರೇಷನ್ ಎನ್ನುತ್ತಾರೆ.

ಕಟ್ಟಿಕೊಳ್ಳುವಿಕೆ ಮತ್ತು ಪರಿಹಾರ

ನಗರದೊಳಗಿನ ಅಲ್ಪ ದೂರದ, ನಿಧಾನಗತಿಯ ಸಂಚಾರದಲ್ಲಿ ಈ ಉಷ್ಣತೆ ದೊರೆಯದೆ ಮಸಿ ತುಂಬುತ್ತದೆ. ಎಚ್ಚರಿಕೆಯ ದೀಪ ಬೆಳಗಿದಾಗ, ಕಾರಿನ ಕೈಪಿಡಿಯ ಸೂಚನೆಯಂತೆ, ಹೆದ್ದಾರಿಯಲ್ಲಿ ಸುಮಾರು 15–20 ನಿಮಿಷ ಸ್ಥಿರ ವೇಗದಲ್ಲಿ ಚಲಾಯಿಸಿದರೆ ಸಾಮಾನ್ಯವಾಗಿ ಮಸಿ ಉರಿದು ದೀಪ ಆರುತ್ತದೆ. ಆ ಬಳಿಕ ಬಿಸಿಯಾಗಿರುವ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ದೀಪ ಆರದಿದ್ದರೆ ಅಥವಾ ಎಂಜಿನ್‌ನ ಶಕ್ತಿ ಕುಂದಿದರೆ ಕಾರ್ಯಾಗಾರದಲ್ಲಿ ಪರೀಕ್ಷಿಸಬೇಕಾಗುತ್ತದೆ. ಎಂಜಿನ್ ತೈಲದಿಂದ ಉಂಟಾಗುವ ಬೂದಿಯು ಮಸಿಯಂತೆ ಉರಿಯುವುದಿಲ್ಲ. ಅದು ತುಂಬಿದಾಗ ಶೋಧಕವನ್ನು ಬಿಚ್ಚಿ ಶುಚಿಗೊಳಿಸಬೇಕು, ಇಲ್ಲವೇ ಬದಲಿಸಬೇಕು. ಕಡಿಮೆ ಬೂದಿಯ ತೈಲದ ಬಳಕೆಯಿಂದ ಈ ವೆಚ್ಚವನ್ನು ಮುಂದೂಡಬಹುದು. ಶೋಧಕವನ್ನೇ ತೆಗೆದುಹಾಕುವುದು ಪರಿಹಾರವಲ್ಲ. ಅದು ಹೊಗೆ ನಿಯಮಗಳ ಉಲ್ಲಂಘನೆ, ಮೇಲಾಗಿ ತಡೆಯಬಹುದಾಗಿದ್ದ ಮಸಿ ಜನರ ಶ್ವಾಸಕೋಶವನ್ನು ಸೇರುತ್ತದೆ.